ವಾರಕ್ಕೆ ಎಕರೆಗೆ 60 ಹಾಳೆ



ಪತ್ತನಾಜೆ ಹತ್ತಿರ ಬಂತು. ಗುಡುಗು ಸಮೇತ ಎರಡು ಮಳೆ ಬಿದ್ದಾಗಿದೆ. ಈಗ ಎಲ್ಲಿ ಹೋದರೂ ಒಂದೇ ಮಾತು. ಸುಣ್ಣ ತಂದಾಯ್ತಾ, ಮೈಲುತುತ್ತಿಗೆ ರೇಟು ಎಷ್ಟು, ಮದ್ದು ಬಿಡ್ಲಿಕ್ಕೆ ಜನ ಯಾರು. ಕೊಳೆರೋಗದ ತಯಾರಿ ಮಾಡುವ ಇದೇ ಹದಿನೈದು ದಿನದಲ್ಲಿ ಇನ್ನೊಂದು ತಯಾರಿಯೂ ಆಗಬೇಕು ಅಂತ ಈ ಸಲ ಬರೀತಾ ಇದ್ದೇನೆ. ಅದು ನುಸಿಯದ್ದು. ಪೇಟೆಯವರು ಸೊಳ್ಳೆ ಅಂತಾರೆ, ತುಳುವಿನಲ್ಲಿ ಉಮಿಲ್. ಹೆಸರು ಯಾವುದಾದರೂ ಕಚ್ಚುವುದು ಒಂದೇ.

ನುಸಿ ಆರೋಗ್ಯ ಇಲಾಖೆಯವರ ವಿಷಯ, ನಮ್ಮ ಕೃಷಿ ಪುಟಕ್ಕೆ ಎಂತಕ್ಕೆ ಅಂತ ಕೆಲವರಿಗೆ ಅನ್ನಿಸಬಹುದು. ಅಡಿಕೆ ತೋಟ ಇರುವವರಿಗೆ ಇದು ನೂರಕ್ಕೆ ನೂರು ಕೃಷಿ ವಿಷಯ. ಯಾಕೆ ಅಂತ ಹೇಳ್ತೇನೆ.

ಕಳೆದ ವರ್ಷ ಆಟಿಯಲ್ಲಿ ನಮ್ಮ ಸುತ್ತಿನ ಹನ್ನೊಂದು ತೋಟಗಳಿಗೆ ಮದ್ದು ಬಿಡುವವರು ಡೆಂಗಿಯಲ್ಲಿ ಮಲಗಿದರು. ಆರು ದಿನ ಆಸ್ಪತ್ರೆ, ಆಮೇಲೆ ಒಂದೂವರೆ ತಿಂಗಳು ಮರ ಹತ್ತುವ ತ್ರಾಣ ಇಲ್ಲ. ಎರಡನೇ ಮದ್ದು ಹೊಡೆಯಬೇಕಾದ ಹೊತ್ತು ಅದು. ಬೋರ್ಡೋ 30ರಿಂದ 45 ದಿನದ ಒಳಗೆ ಎರಡನೇ ಸಲ ಬೀಳದಿದ್ದರೆ ಎಂತ ಆಗ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೇರೆ ಜನ ಹುಡುಕಿ, ಮಳೆ ಬಿಡುವು ಸಿಕ್ಕಿ, ಮದ್ದು ಬೀಳುವಾಗ ಕೆಲವು ತೋಟದಲ್ಲಿ ಕೆಳಗೆ ಹಸಿರು ಅಡಿಕೆಯ ಹಾಸಿಗೆಯೇ ಆಗಿತ್ತು. ನಮಗೆ ಹೋದದ್ದು ಫಸಲು. ಅವರಿಗೆ ಹೋದದ್ದು ವರ್ಷದಲ್ಲಿ ಕೈತುಂಬ ಸಂಪಾದನೆ ಆಗುವ ಎರಡು ತಿಂಗಳು. ಆಸ್ಪತ್ರೆಯ ಬಿಲ್ಲಿಗೆ ನಾವೆಲ್ಲ ಸ್ವಲ್ಪ ಸ್ವಲ್ಪ ಹಾಕಿದೆವು. ಅದರಿಂದ ಬಿಲ್ಲು ಮುಗಿಯಿತು, ಕಳೆದ ಎರಡು ತಿಂಗಳು ಬರಲಿಲ್ಲ.

ಅವರ ಮನೆ ಇರುವುದು ಗುಡ್ಡದ ಮೇಲೆ. ಅಲ್ಲಿ ಅಡಿಕೆ ಇಲ್ಲ, ಹಾಳೆ ಇಲ್ಲ, ನೀರು ನಿಲ್ಲುವ ಜಾಗವೂ ಕಡಿಮೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ಇರುವುದು ನಮ್ಮ ತೋಟಗಳಲ್ಲಿ, ಅದೂ ಮೊಣಕಾಲಿನವರೆಗೆ ಬರಿಗಾಲಿನಲ್ಲಿ. ಡೆಂಗಿ ತರುವ ನುಸಿ ಕಚ್ಚುವುದು ಹಗಲು. ಯಾವ ತೋಟದಲ್ಲಿ ಕಚ್ಚಿತು ಅಂತ ಯಾರಿಂದಲೂ ಹೇಳ್ಲಿಕ್ಕೆ ಆಗುವುದಿಲ್ಲ. ಹನ್ನೊಂದರಲ್ಲಿ ಒಂದು ಇರಬಹುದು.

ನಮ್ಮಲ್ಲಿ ಇರುವ ನುಸಿ ಯಾವುದು

ನುಸಿ ಅಂದರೆ ಒಂದೇ ಜಾತಿ ಅಲ್ಲ. ರೈತರಾದ ನಾವು ಮೂರು ಗುಂಪನ್ನು ಗುರುತು ಹಿಡಿದರೆ ಸಾಕು.

ಮೊದಲನೆಯದು ಈಡಿಸ್. ಕಪ್ಪು ಮೈ, ಕಾಲಿನಲ್ಲಿ ಬಿಳಿ ಪಟ್ಟೆ. ಹುಲಿ ಸೊಳ್ಳೆ ಅಂತಾರೆ. ಇದರಲ್ಲಿ ಮನೆ ಒಳಗೆ ಇರುವುದು ಒಂದು, ತೋಟದಲ್ಲಿ ಇರುವುದು ಇನ್ನೊಂದು. ತೋಟದ್ದಕ್ಕೆ ಬೆನ್ನಿನ ಮೇಲೆ ಒಂದೇ ಬಿಳಿ ಗೆರೆ ಇರ್ತದೆ. ಡೆಂಗಿ, ಚಿಕೂನ್‌ಗುನ್ಯ ಎರಡನ್ನೂ ತರುವುದು ಇದೇ ಈಡಿಸ್. 2008ರ ಮಳೆಗಾಲ ನೆನಪಿದೆಯಾ? ಆ ಚಿಕೂನ್‌ಗುನ್ಯದಲ್ಲಿ ಕೆಲವು ಮನೆಗಳಲ್ಲಿ ಗಂಜಿ ಬೇಯಿಸ್ಲಿಕ್ಕೆ ಸಹ ಜನ ಇಲ್ಲದ ಹಾಗೆ ಆಗಿತ್ತು. ಆ ರೋಗ ಮೊದಲು ಗೊತ್ತಾದದ್ದು 1952ರಲ್ಲಿ, ಆಫ್ರಿಕಾದ ಈಗಿನ ಟಾಂಜಾನಿಯಾದಲ್ಲಿ. ಚಿಕೂನ್‌ಗುನ್ಯ ಅಂದರೆ ಅಲ್ಲಿಯ ಮಾಕೊಂಡೆ ಭಾಷೆಯಲ್ಲಿ ಬಗ್ಗಿ ಹೋಗುವುದು ಅಂತ. ನಮ್ಮಲ್ಲಿಯೂ ಜನ ಬಗ್ಗಿಯೇ ನಡೆದರು. ಗಂಟು ನೋವು ವರ್ಷಗಟ್ಟಲೆ ಉಳಿದವರು ಇದ್ದಾರೆ.

ಎರಡನೆಯದು ಅನಾಫಿಲಿಸ್. ಮಲೇರಿಯಾದ್ದು. ಕೂತಾಗ ಬಾಲ ಮೇಲೆ ಎತ್ತಿ ಕೂರ್ತದೆ, ರಾತ್ರಿ ಕಚ್ಚುತ್ತದೆ. ಇದಕ್ಕೆ ಶುದ್ಧ ನೀರು ಬೇಕು. ಪೇಟೆ ಕಡೆ ಟೆರೇಸಿನ ಟ್ಯಾಂಕ್, ಬಾವಿ, ಕಟ್ಟಡ ಕಟ್ಟುವಲ್ಲಿಯ ನೀರು ಇವೇ ಜಾಗ. ಮಂಗಳೂರಿನಲ್ಲಿ ಮಲೇರಿಯಾ ಬಹಳ ವರ್ಷ ಕಾಡಿದ್ದು ಹೀಗೆ. ನುಸಿಯ ಹೊಟ್ಟೆಯಲ್ಲಿ ಮಲೇರಿಯಾದ ಕ್ರಿಮಿ ಇದೆ ಅಂತ ರೊನಾಲ್ಡ್ ರಾಸ್ ಕಂಡುಹಿಡಿದದ್ದು ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ಕ್ಕೆ. ಆ ದಿನವನ್ನೇ ಈಗ ವಿಶ್ವ ಸೊಳ್ಳೆ ದಿನ ಅಂತ ಮಾಡ್ತಾರೆ.

ಮೂರನೆಯದು ಕ್ಯೂಲೆಕ್ಸ್. ರಾತ್ರಿ ಕಿವಿಯ ಹತ್ತಿರ ಹಾಡುವುದು ಹೆಚ್ಚಾಗಿ ಇದೇ. ಬಚ್ಚಲು ನೀರು, ಕೊಟ್ಟಿಗೆಯ ಗುಂಡಿ, ಸೆಪ್ಟಿಕ್ ಟ್ಯಾಂಕ್, ಒಟ್ಟಾರೆ ಕೊಳಕು ನೀರು ಇದಕ್ಕೆ ಇಷ್ಟ. ಆನೆಕಾಲು ರೋಗ ಹರಡುವುದು ಇದರಿಂದ.

ಅಡಿಕೆ ತೋಟದವರು ಜಾಸ್ತಿ ನೋಡಬೇಕಾದ್ದು ಮೊದಲನೆಯದನ್ನು. ಯಾಕೆಂದರೆ ಅದಕ್ಕೆ ಕೆರೆ ಬೇಡ, ಚರಂಡಿ ಬೇಡ. ಅಂಗೈಯಷ್ಟು ನೀರು ಸಾಕು. ಅದನ್ನು ಕೊಡುವುದು ನಮ್ಮ ಹಾಳೆ.

ಹಾಳೆಯ ಲೆಕ್ಕ

ಕಳೆದ ವರ್ಷ ಆ ಜ್ವರದ ಸುದ್ದಿ ಆದ ಮೇಲೆ ನಮ್ಮ ಕಡೆಯ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದರು. ಮನೆ ಸುತ್ತ ನೋಡಿ ಆಗಿ, "ಅಣ್ಣ, ತೋಟಕ್ಕೆ ಒಮ್ಮೆ ಹೋಗುವನಾ" ಅಂದರು. ಕೈಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಬಟ್ಟಲು, ಒಂದು ಟಾರ್ಚು. ಮಲಗಿದ್ದ ಒಂದು ಹಾಳೆಯ ನೀರನ್ನು ಬಟ್ಟಲಿಗೆ ಬಗ್ಗಿಸಿ ತೋರಿಸಿದರು. ಕಂದು ಬಣ್ಣದ ನೀರು, ಚಹಾದ ಹಾಗೆ. ಅದರಲ್ಲಿ ಕೊಕ್ಕೆಯ ಹಾಗೆ ಬಳುಕುವ ಹುಳಗಳು. ಕೈಯ ನೆರಳು ಬಿದ್ದ ಕೂಡಲೇ ಎಲ್ಲ ಅಡಿಗೆ ಹೋದವು, ಸ್ವಲ್ಪ ಹೊತ್ತಿಗೆ ಉಸಿರು ತೆಗೆಯಲಿಕ್ಕೆ ಪುನಃ ಮೇಲೆ ಬಂದವು.

ಅವರು ಹೋದ ಮೇಲೆ ನಾನು ಒಂದು ಸಾಲು ಹಿಡಿದು ಎಣಿಸಿದೆ. 40 ಹಾಳೆ ನೋಡಿದೆ. 17ರಲ್ಲಿ ನೀರು ಇತ್ತು. ಆ 17ರಲ್ಲಿ 11ರಲ್ಲಿ ಹುಳ. ಉಳಿದ 23 ಹಾಳೆ ಒಂದೋ ಕವುಚಿ ಬಿದ್ದಿತ್ತು, ಇಲ್ಲ ಹರಿದಿತ್ತು. ಅಂದರೆ ಪರಿಹಾರ ಅಲ್ಲೇ ಕಣ್ಣೆದುರು ಬಿದ್ದುಕೊಂಡಿತ್ತು. ಕವುಚಿ ಬಿದ್ದ ಒಂದೇ ಒಂದು ಹಾಳೆಯಲ್ಲಿ ನೀರಿಲ್ಲ.

ಈಗ ಎಕರೆ ಲೆಕ್ಕ ಹಾಕುವ. ಒಂಬತ್ತು ಅಡಿ ಅಂತರದ ತೋಟ ಆದರೆ ಎಕರೆಗೆ 500ರಿಂದ 550 ಮರ. ಒಂದು ಮರ ವರ್ಷಕ್ಕೆ ಸಾಧಾರಣ ಆರು ಸೋಗೆ ಬೀಳಿಸ್ತದೆ. 500 ಅಂತ ಹಿಡಿದರೂ ಎಕರೆಗೆ ವರ್ಷಕ್ಕೆ 3000 ಹಾಳೆ. ಕೇಳುವಾಗ ದೊಡ್ಡ ಸಂಖ್ಯೆ. "ಇಷ್ಟು ಹಾಳೆ ಹೆಕ್ಕಲಿಕ್ಕೆ ಜನ ಎಲ್ಲಿ ಮಾರಾಯ್ರೆ" ಅಂತ ಎಲ್ಲರೂ ಕೈಚೆಲ್ಲುವುದು ಇಲ್ಲೇ. ಆದರೆ ಅದನ್ನೇ 52 ವಾರಕ್ಕೆ ಭಾಗಿಸಿ ನೋಡಿ. ವಾರಕ್ಕೆ 60 ಹಾಳೆ ಸಹ ಇಲ್ಲ. ಎಕರೆಗೆ 60 ಹಾಳೆ ಕವುಚಿ ಹಾಕಲಿಕ್ಕೆ ನನಗೆ ಮುಕ್ಕಾಲು ಗಂಟೆ ಬೇಕಾಗ್ತದೆ, ಅದೂ ನಡು ನಡುವೆ ಮರ ನೋಡಿಕೊಂಡು. ಕೆಳಗೆ ಬಿದ್ದ ಕೊಳೆ ಅಡಿಕೆ ಕಾಣುವುದು, ಹಂದಿ ಬಂದ ಗುರುತು ಸಿಗುವುದು, ಕಣಿ ಕಟ್ಟಿದ್ದು ಗೊತ್ತಾಗುವುದು ಎಲ್ಲ ಈ ನಡೆಯುವಿಕೆಯಲ್ಲೇ.

ವಾರಕ್ಕೆ ಒಮ್ಮೆ ಯಾಕೆ? ಈಡಿಸ್ ಮೊಟ್ಟೆ ಒಡೆದು, ಹುಳ ಆಗಿ, ಕೋಶ ಆಗಿ, ರೆಕ್ಕೆ ಬಂದು ಹಾರುವುದಕ್ಕೆ ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಬೇಕು. ಏಳನೇ ದಿನಕ್ಕೆ ನೀರು ಚೆಲ್ಲಿದರೆ ಹುಳ ಹಾರುವ ಮೊದಲೇ ಒಣಗಿ ಸಾಯ್ತದೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಒಂದು ತಂಡ ಹಾರಿ ಆಗಿರ್ತದೆ. ಒಂದು ಹೆಣ್ಣು ನುಸಿ ಒಂದು ಸರ್ತಿಗೆ ನೂರರ ಲೆಕ್ಕದಲ್ಲಿ ಮೊಟ್ಟೆ ಇಡ್ತದೆ ಅನ್ನುವುದನ್ನು ನೆನಪಿಡಿ.

ಇನ್ನೊಂದು ಮುಖ್ಯ ಸಂಗತಿ. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲೆ ಅಲ್ಲ, ನೀರು ತಾಗುವ ಗೆರೆಯಿಂದ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಹಾಗೇ ಇರ್ತದೆ. ಮಳೆ ಬಂದು ನೀರು ಏರಿದಾಗ ಒಡೆಯುತ್ತದೆ. ಮೊದಲ ಮಳೆ ಬಿದ್ದು ಹತ್ತು ದಿನಕ್ಕೆ ತೋಟದಲ್ಲಿ ನುಸಿ ಎಲ್ಲಿಂದ ಬಂತು ಅಂತ ನಾವು ಆಶ್ಚರ್ಯ ಪಡುವುದು. ಅದು ಎಲ್ಲಿಂದಲೂ ಬಂದದ್ದಲ್ಲ, ಕಳೆದ ವರ್ಷದ ಡ್ರಮ್ಮಿನಲ್ಲಿ, ಹಳೆ ಹಾಳೆಯಲ್ಲಿ ಕಾದು ಕೂತಿದ್ದದ್ದು. ಹಾಗಾಗಿ ಡ್ರಮ್ಮಿನ ನೀರು ಚೆಲ್ಲಿದರೆ ಅರ್ಧ ಕೆಲಸ. ತೆಂಗಿನ ನಾರು ಹಾಕಿ ಒಳಗಿನ ಗೋಡೆ ಉಜ್ಜಿದರೆ ಪೂರ್ತಿ ಕೆಲಸ.

ಹೇಗೆ ಮಾಡುವುದು

ಹಾಳೆ ತೋಟದಿಂದ ಹೊರಗೆ ಹೊರಬೇಕು ಅಂತ ಇಲ್ಲ. ಸೋಗೆ, ಹಾಳೆ ಎರಡೂ ಮಣ್ಣಿಗೆ ಒಳ್ಳೆಯದು. ಮುಚ್ಚಿಗೆ ಆಗ್ತದೆ, ಕೊಳೆತು ಗೊಬ್ಬರ ಆಗ್ತದೆ, ಜಡಿಮಳೆಗೆ ಮಣ್ಣು ಕೊಚ್ಚಿಹೋಗುವುದು ತಪ್ಪುತ್ತದೆ. ಅದನ್ನು ತೆಗೆದು ತೋಟ ಗುಡಿಸಿದ ಹಾಗೆ ಮಾಡಿ ಅಂತ ನಾನು ಹೇಳುವುದಿಲ್ಲ. ನೀರು ನಿಲ್ಲಬಾರದು, ಅಷ್ಟೇ.

ನಾನು ಮಾಡುವ ಕ್ರಮ ಹೀಗೆ. ಪತ್ತನಾಜೆಯ ಮೊದಲು ಒಂದು ದೊಡ್ಡ ಸುತ್ತು. ಬೇಸಗೆಯಲ್ಲಿ ಬಿದ್ದ ಒಣಗಿದ ಒಳ್ಳೆ ಹಾಳೆ ಇದ್ದರೆ ತಟ್ಟೆ ಮಾಡುವವರಿಗೆ. ಮಳೆ ತಾಗಿ ಬೂಸು ಬಂದದ್ದು ಅವರಿಗೆ ಬೇಡ. ಹಸಿ ಹಾಳೆ ಸ್ವಲ್ಪ ಕತ್ತರಿಸಿ ದನಕ್ಕೆ. ಉಳಿದದ್ದು ಕತ್ತಿಯಲ್ಲಿ ಸೋಗೆಯಿಂದ ಬೇರೆ ಮಾಡಿ, ಕವುಚಿ, ಮರದ ಬುಡಕ್ಕೆ. ಎರೆಗೊಬ್ಬರ ಮಾಡುವವರು ಗುಂಡಿಗೆ ಹಾಕಬಹುದು, ಅಡಿಕೆ ತೋಟದ ಕಸದಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ವಿಟ್ಲದ ಸಿಪಿಸಿಆರ್‌ಐಯವರು ತೋರಿಸಿಕೊಡ್ತಾರೆ.

ಆಮೇಲೆ ಮಳೆಗಾಲ ಪೂರ್ತಿ ಭಾನುವಾರ ಬೆಳಿಗ್ಗೆ ಸಣ್ಣ ಸುತ್ತು. ಕೈಯಲ್ಲಿ ಕತ್ತಿ. ಹೊಸತಾಗಿ ಬಿದ್ದದ್ದು ಅಂಗಾತ ಇದ್ದರೆ ಬಗ್ಗದೇ ಕಾಲಲ್ಲೇ ಮಗುಚಬಹುದು. ನೀರು ತುಂಬಿ ಭಾರ ಆಗಿದ್ದರೆ ಕತ್ತಿಯಲ್ಲಿ ಬೆನ್ನಿಗೆ ಒಂದು ಸೀಳು, ನೀರು ಇಳಿದು ಹೋಗ್ತದೆ. ನೀರನ್ನು ಮಣ್ಣಿಗೇ ಚೆಲ್ಲಬೇಕು. ಕಣಿಗೆ ಚೆಲ್ಲಿದರೆ ಹುಳ ಇನ್ನೊಂದು ಕಡೆ ನಿಂತ ನೀರಿಗೆ ಸೇರಿ ಬದುಕಬಹುದು.

ಹಾಳೆ ಒಂದೇ ಅಲ್ಲ. ತೋಟದಲ್ಲಿ ನಾನು ಹುಳ ಕಂಡ ಬೇರೆ ಜಾಗಗಳನ್ನೂ ಹೇಳ್ತೇನೆ.

ಕೊಕ್ಕೊ. ಅಳಿಲು, ಇಲಿ ಕೊರೆದು ಬೀಜ ತಿಂದ ಕಾಯಿ ಮರದಲ್ಲೇ ನೇತಾಡ್ತಾ ಇರ್ತದೆ, ಒಳಗೆ ನೀರು. ಕೊಯ್ಯುವಾಗ ಅದನ್ನೂ ಕಿತ್ತು ಹಾಕಬೇಕು. ಬೀಜ ತೆಗೆದ ಸಿಪ್ಪೆಯನ್ನು ಅಲ್ಲಲ್ಲಿ ಬಿಸಾಡುವ ಬದಲು ಒಂದು ಗುಂಡಿಗೆ ಹಾಕಿ ಮೇಲೆ ಮಣ್ಣು.

ರಬ್ಬರ್. ಮಳೆಗೆ ಟ್ಯಾಪಿಂಗ್ ನಿಲ್ಲಿಸಿದವರು ಗೆರಟೆ, ಕಪ್ಪುಗಳನ್ನು ಕವುಚಿ ಇಡಬೇಕು. 300 ಮರ ಅಂದರೆ 300 ಗೆರಟೆ, ಎಲ್ಲವೂ ಎದೆ ಎತ್ತರದಲ್ಲಿ ನೀರು ಹಿಡಿದು ನಿಂತಿರ್ತದೆ. ಮಳೆಗೆ ಪ್ಲಾಸ್ಟಿಕ್ ಕಟ್ಟಿದವರು ಅದರ ಮಡಿಕೆಯಲ್ಲಿ ನೀರು ನಿಂತಿದೆಯಾ ನೋಡಿ.

ಬಿದಿರು. ಬುಡದಲ್ಲಿ ಕಡಿಯುವಾಗ ಗಂಟಿನ ಸರಿ ಮೇಲೆ ಕಡಿಯಿರಿ. ಗಂಟಿಗಿಂತ ಒಂದು ಗೇಣು ಮೇಲೆ ಕಡಿದರೆ ಅದೊಂದು ಲೋಟ ಆಗ್ತದೆ. ಬೇಲಿಗೆ ನಿಲ್ಲಿಸಿದ ಪಿವಿಸಿ ಪೈಪು, ಕಬ್ಬಿಣದ ಪೈಪು ಬಾಯಿ ತೆರೆದಿದ್ದರೂ ಇದೇ ಕತೆ. ಮಣ್ಣು ಇಲ್ಲವೇ ಮರಳು ತುಂಬಿಸಿದರೆ ಮುಗಿಯಿತು.

ಡ್ರಮ್ಮು, ಬಕೆಟು. ಮದ್ದು ಬಿಡುವ ಸಾಮಾನು ತೊಳೆದು ಕವುಚಿ ಇಡಬೇಕು. ಒಂದು ಮದ್ದಿನಿಂದ ಇನ್ನೊಂದು ಮದ್ದಿಗೆ ತಿಂಗಳು ಅಂತರ ಇರ್ತದೆ, ಅಷ್ಟರಲ್ಲಿ ನುಸಿಯ ಮೂರು ತಂಡ ಹಾರಬಹುದು.

ಟರ್ಪಾಲು. ಕಟ್ಟಿಗೆ ರಾಶಿಗೆ, ಗೊಬ್ಬರ ಗೋಣಿಗೆ ಹೊದೆಸಿದ ಪ್ಲಾಸ್ಟಿಕ್ಕಿನ ಗುಂಡಿಗಳು. ಓರೆಯಾಗಿ ಬಿಗಿದು ಕಟ್ಟಿದರೆ ನೀರು ನಿಲ್ಲುವುದಿಲ್ಲ.

ಮನೆಯ ಸುತ್ತ ನಿಮಗೆ ಗೊತ್ತೇ ಇದೆ: ಟಯರು, ಗೆರಟೆ, ಬೊಂಡದ ಚಿಪ್ಪು, ಹೂಚಟ್ಟಿಯ ಅಡಿ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ದನ ನೀರು ಕುಡಿಯುವ ಕಲ್ಲಮರಿಗೆ. ಮರಿಗೆಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿದರೆ ದನಕ್ಕೂ ಒಳ್ಳೆಯದು. ನೀರಿನ ಟ್ಯಾಂಕಿಗೆ ಮುಚ್ಚಳ, ಗಾಳಿ ಪೈಪಿನ ಬಾಯಿಗೆ ಸಣ್ಣ ಬಲೆ. ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿಗೂ ಬಲೆ ಕಟ್ಟಿ, ಹಳೆ ಸೊಳ್ಳೆಪರದೆಯ ತುಂಡು ಸಾಕು. ಇಂಗುಗುಂಡಿಯ ನೀರು ಮೂರು ನಾಲ್ಕು ದಿನದಲ್ಲಿ ಇಂಗಿದರೆ ತೊಂದರೆ ಇಲ್ಲ. ವಾರ ಕಳೆದರೂ ನಿಂತರೆ ನೋಡಬೇಕು.

ಮಕ್ಕಳು ಬೆಂಗಳೂರಿನಲ್ಲಿದ್ದು ಬೀಗ ಹಾಕಿದ ಮನೆಗಳು ಈಗ ಪ್ರತಿ ಬೈಲಿನಲ್ಲೂ ಇವೆ. ಬೀಗ ಹಾಕುವ ಮೊದಲು ಕಮೋಡಿನ ಮುಚ್ಚಳ ಮುಚ್ಚಿ, ಬಚ್ಚಲಿನ ಜಾಲಿ ಮುಚ್ಚಿ, ಬಕೆಟುಗಳನ್ನು ಕವುಚಿ ಹೋಗಬೇಕು. ತಾರಸಿಯಲ್ಲಿ ಸೋಗೆ ಬಿದ್ದು ನೀರಿನ ದಾರಿ ಕಟ್ಟಿದರೆ ಇಡೀ ತಾರಸಿಯೇ ಕೆರೆ ಆಗ್ತದೆ.

ಮೀನು, ಎಣ್ಣೆ, ಹೊಗೆ

ಚೆಲ್ಲಲಿಕ್ಕೆ ಆಗದ ನೀರು ಉಂಟು. ಬಾವಿ, ಸಿಮೆಂಟ್ ಟ್ಯಾಂಕು, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಅಲ್ಲಿಗೆ ಮೀನು. ಗಪ್ಪಿ, ಗ್ಯಾಂಬೂಸಿಯಾ ಎರಡನ್ನೂ ಲಾರ್ವಾಹಾರಿ ಮೀನು ಅಂತ ಆರೋಗ್ಯ ಇಲಾಖೆಯವರು ಉಪಯೋಗಿಸ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಒಂದು ಎಚ್ಚರ: ಈ ಮೀನುಗಳನ್ನು ಹೊಳೆಗೆ, ತೋಡಿಗೆ, ಗದ್ದೆಗೆ ಬಿಡಬೇಡಿ. ಇವು ಹೊರದೇಶದವು. ಗ್ಯಾಂಬೂಸಿಯಾ ಅಂತೂ ಕಪ್ಪೆಯ ಮರಿ, ನಮ್ಮ ಸಣ್ಣ ಮೀನುಗಳ ಮೊಟ್ಟೆ ಎಲ್ಲ ತಿನ್ನುತ್ತದೆ. ತೋಡಿನಲ್ಲಿ ನಮ್ಮದೇ ಮೀನು ಉಂಟು, ತಲೆಯ ಮೇಲೆ ಬೆಳ್ಳಿ ಚುಕ್ಕಿ ಇರುವ ಸಣ್ಣದು, ನೀರಿನ ಮೇಲ್ಗಡೆಯೇ ತಿರುಗುವುದು. ಅದೂ ನುಸಿಯ ಹುಳ ತಿನ್ನುತ್ತದೆ. ನಮ್ಮ ಟ್ಯಾಂಕಿಗೆ ಮಕ್ಕಳ ಹತ್ತಿರ ಹಿಡಿಸಿ ಹತ್ತು ಬಿಟ್ಟಿದ್ದೇನೆ. ಈಗ ಟಾರ್ಚು ಹಾಕಿದರೆ ಒಂದು ಹುಳ ಕಾಣುವುದಿಲ್ಲ.

ಮೀನು ಬಿಡಲಿಕ್ಕೆ ಆಗದ ಗುಂಡಿಗೆ ಬಿಟಿಐ ಅಂತ ಒಂದು ಜೈವಿಕ ಪುಡಿ ಉಂಟು. 1976ರಲ್ಲಿ ಇಸ್ರೇಲಿನ ಮರುಭೂಮಿಯ ಕೊಳವೊಂದರಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾದಿಂದ ಮಾಡಿದ್ದು. ನುಸಿಯ ಹುಳ ಅದನ್ನು ತಿಂದು ಸಾಯ್ತದೆ, ಜೇನಿಗೆ, ಮೀನಿಗೆ, ದನಕ್ಕೆ ತೊಂದರೆ ಮಾಡುವುದಿಲ್ಲ. ಪ್ಯಾಕೆಟಿನಲ್ಲಿ ಬರೆದ ಪ್ರಮಾಣವನ್ನೇ ಹಾಕಬೇಕು.

ಸುಟ್ಟ ಎಂಜಿನ್ ಆಯಿಲ್ ಹೊಯ್ಯುವವರು ಇದ್ದಾರೆ. ತೋಟದಲ್ಲಿ ಅದು ಬೇಡ. ನಮ್ಮ ಮಣ್ಣು ಜಂಬಿಟ್ಟಿಗೆ, ಗುಂಡಿಗೆ ಹೊಯ್ದದ್ದು ಮಳೆಗೆ ಇಳಿದು ಬಾವಿಗೆ ಬರ್ತದೆ. ಮೊಮ್ಮಕ್ಕಳು ಕುಡಿಯುವ ನೀರು ಅದು.

ಇನ್ನು ಫಾಗಿಂಗ್. ಎರಡು ಜ್ವರ ಆದ ಕೂಡಲೇ ಪಂಚಾಯತಿಗೆ ಫೋನ್ ಮಾಡಿ ಫಾಗಿಂಗ್ ಮಾಡಿಸಿ ಅಂತ ನಾವೆಲ್ಲ ಹೇಳುವುದು. ಹೊಗೆ ಕಂಡರೆ ಕೆಲಸ ಆಯ್ತು ಅಂತ ಸಮಾಧಾನ. ಆದರೆ ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರುತ್ತಾ ಇರುವ ನುಸಿಯನ್ನು ಮಾತ್ರ. ನೀರಿನಲ್ಲಿರುವ ಹುಳಕ್ಕೆ, ಮೊಟ್ಟೆಗೆ ಏನೂ ಆಗುವುದಿಲ್ಲ. ಮರುದಿನವೇ ಹಾಳೆಯಿಂದ ಹೊಸ ತಂಡ ಏಳ್ತದೆ. ಜ್ವರ ಜೋರಾಗಿ ಹಬ್ಬುವಾಗ ರೋಗ ಇರುವ ನುಸಿಯನ್ನು ತುರ್ತಾಗಿ ಕಡಿಮೆ ಮಾಡ್ಲಿಕ್ಕೆ ಅದು ಬೇಕು, ಬೇಡ ಅಂತ ಅಲ್ಲ. ಆದರೆ ಅದು ಹಾಳೆ ಕವುಚುವ ಕೆಲಸದ ಬದಲಿ ಅಲ್ಲ. ತುಡುವೆ ಜೇನು, ಮುಜಂಟಿ ಇಟ್ಟವರು ಮೊದಲೇ ವಿಚಾರಿಸಿ, ಆ ಹೊತ್ತಿಗೆ ಪೆಟ್ಟಿಗೆಯ ಬಾಯಿ ಮುಚ್ಚಿ. ಅಡಿಕೆಯ ಪೀಡೆಗೆ ಹೊಡೆಯುವ ವಿಷವನ್ನು ನುಸಿಗೆ ಅಂತ ತೋಟಕ್ಕೆಲ್ಲ ಹೊಡೆಯುವುದು ಸರ್ವಥಾ ಬೇಡ.

ಕೊಟ್ಟಿಗೆಯಲ್ಲಿ ನೆಕ್ಕಿ ಸೊಪ್ಪಿನ ಹೊಗೆ ಹಾಕುವುದು ನಮ್ಮ ಹಿರಿಯರ ಕ್ರಮ. ದನಕ್ಕೆ ಸ್ವಲ್ಪ ನೆಮ್ಮದಿ ಸಿಗ್ತದೆ, ಹಾಕಿ. ಆದರೆ ಅದು ನುಸಿಯನ್ನು ದೂರ ಮಾಡುವುದು, ಕಡಿಮೆ ಮಾಡುವುದಲ್ಲ. ಮನೆ ಒಳಗೆ ಬಾಗಿಲು ಹಾಕಿ ಹೊಗೆ ಹಾಕಿದರೆ ಕೆಮ್ಮು ನಮಗೇ.

ಬೇಲಿಯ ಆಚೆ

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯಿತು. ನಮ್ಮ ಮನೆಯಿಂದ ನೂರು ಹೆಜ್ಜೆಗೆ ಬೇಲಿ. ಅದರ ಆಚೆ ಒಂದೂವರೆ ಎಕರೆ ತೋಟ, ಯಜಮಾನರು ಬೆಂಗಳೂರಿನಲ್ಲಿ. ಅಡಿಕೆ ಕೊಯ್ಯುವಾಗ ಬಿಟ್ಟರೆ ಜನ ಕಾಲಿಡುವುದಿಲ್ಲ. ಈಡಿಸ್ ನುಸಿ ಬಹಳ ದೂರ ಹಾರುವುದಿಲ್ಲ, ಹುಟ್ಟಿದ ಜಾಗದಿಂದ ನೂರು, ಇನ್ನೂರು ಮೀಟರಿನ ಸುತ್ತಲೇ ತಿರುಗುವುದು. ಇದು ಒಳ್ಳೆ ಸುದ್ದಿಯೂ ಹೌದು, ಕೆಟ್ಟ ಸುದ್ದಿಯೂ ಹೌದು. ನಮಗೆ ಕಚ್ಚುವ ನುಸಿ ಊರಾಚೆಯದ್ದಲ್ಲ, ನಮ್ಮದು ಇಲ್ಲವೇ ನೆರೆಯವರದ್ದು.

ಫೋನ್ ಮಾಡಿದೆ. ನನಗಿಂತ ಸಣ್ಣವರು, ಒಳ್ಳೆಯವರೇ.

"ಅಣ್ಣ, ಹಾಳೆಯಿಂದ ಜ್ವರ ಬರ್ತದೆ ಅಂತ ನಾನು ಕೇಳಿದ್ದೇ ಇಲ್ಲ. ಜನ ಇಟ್ಟು ಹೆಕ್ಕಿಸುವ ಅಂದರೆ ಜನ ಎಲ್ಲಿ ಸಿಗ್ತಾರೆ? ಸಂಬಳ ಕೊಟ್ಟು ಪೂರೈಸ್ತದಾ?"

"ಹೆಕ್ಕುವುದು ಬೇಡ ಮಾರಾಯ್ರೆ. ಕವುಚಿ ಹಾಕಿದರೆ ಸಾಕು. ನಿಮ್ಮಲ್ಲಿ ವಾರಕ್ಕೆ ತೊಂಬತ್ತು ಹಾಳೆ ಬೀಳಬಹುದು. ಒಂದು ಗಂಟೆಯ ಕೆಲಸ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಮ್ಮ ದೀಪಾವಳಿವರೆಗೆ ಊರಲ್ಲೇ ಇರ್ತೇನೆ ಅಂತ ಹೇಳ್ತಾ ಇದ್ದಾರೆ ಅಣ್ಣ," ಅಂದರು.

ಅಷ್ಟು ಹೇಳಿದ ಮೇಲೆ ಮಾತು ಬೇರೆ ದಾರಿಗೆ ಬಂತು. ಈಗ ನಮ್ಮ ಒಪ್ಪಂದ ಹೀಗೆ: ಮಳೆಗಾಲದ ಭಾನುವಾರಗಳಲ್ಲಿ ನಮ್ಮ ಮನೆಯ ಸುತ್ತಿನ ಜೊತೆಗೆ ಅವರ ತೋಟಕ್ಕೂ ಒಂದು ಸುತ್ತು. ಅಲ್ಲಿಯ ಹಸಿ ಹಾಳೆ ನಮ್ಮ ದನಕ್ಕೆ. ಪತ್ತನಾಜೆಯ ಮೊದಲಿನ ದೊಡ್ಡ ಸುತ್ತಿಗೆ ಇಬ್ಬರು ಆಳಿನ ಒಂದು ದಿನದ ಸಂಬಳ ಅವರದ್ದು. ಲೆಕ್ಕ ಇಬ್ಬರಿಗೂ ಸರಿ. ನಿಮ್ಮ ಪಕ್ಕದಲ್ಲಿಯೂ ಹೀಗಿನ ತೋಟ ಇದ್ದರೆ ಜಗಳಕ್ಕೆ ಹೋಗಬೇಡಿ, ಲೆಕ್ಕ ಇಟ್ಟು ಮಾತಾಡಿ.

ಕಾನೂನೂ ಇದೆ. 2024ರಲ್ಲಿ ನಮ್ಮ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡಿ, ನುಸಿ ಆಗುವ ಹಾಗೆ ನೀರು ಬಿಟ್ಟವರಿಗೆ ದಂಡ ಇಟ್ಟಿತು. ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಆದರೆ 200 ರೂಪಾಯಿಯ ಹೆದರಿಕೆಯಿಂದ ಯಾರೂ ಹಾಳೆ ಕವುಚುವುದಿಲ್ಲ. ಮನೆಯಲ್ಲಿ ಅಮ್ಮ ಇದ್ದಾರೆ ಅನ್ನುವಾಗ ಕವುಚುತ್ತಾರೆ.

ಜ್ವರ ಬಂದರೆ

ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯಲ್ಲಿ ಡಾಕ್ಟರುಗಳು ಹೇಳುವುದನ್ನು, ಆಶಾ ಕಾರ್ಯಕರ್ತೆಯರು ಹೇಳುವುದನ್ನು ಇಲ್ಲಿ ಒಟ್ಟು ಮಾಡ್ತಾ ಇದ್ದೇನೆ.

ಮಳೆಗಾಲದಲ್ಲಿ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ಎರಡು ದಿನ ಕಾಯದೇ ರಕ್ತ ಪರೀಕ್ಷೆ. ಮೊದಲ ಐದು ದಿನದ ಒಳಗೆ ಆದರೆ ಎನ್‌ಎಸ್‌1 ಅಂತ ಮಾಡ್ತಾರೆ, ಆಮೇಲೆ ಐಜಿಎಂ. ಮಲೇರಿಯಾಕ್ಕೂ ನೋಡಿಸಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಮೈಕೈ ನೋವಿಗೆ ಅಂತ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗಬೇಡಿ, ಡೆಂಗಿಯಲ್ಲಿ ಅದು ರಕ್ತಸ್ರಾವ ಜಾಸ್ತಿ ಮಾಡ್ತದೆ. ಗಂಜಿ ತಿಳಿ, ಬೊಂಡ, ಓಆರ್‌ಎಸ್ ಧಾರಾಳ ಕುಡಿಯಬೇಕು.

ತುಂಬ ಜನರಿಗೆ ಗೊತ್ತಿಲ್ಲದ ಸಂಗತಿ ಒಂದು ಇದೆ. ಡೆಂಗಿಯಲ್ಲಿ ಅಪಾಯ ಜಾಸ್ತಿ ಇರುವುದು ಜ್ವರ ಇಳಿಯುವ ಹೊತ್ತಿಗೆ. ಜ್ವರ ಬಿಟ್ಟಿತು, ಇನ್ನು ತೋಟಕ್ಕೆ ಹೋಗುವ ಅಂತ ಎದ್ದ ದಿನವೇ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ, ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆ. ಡೆಂಗಿಯಲ್ಲಿ ನಾಲ್ಕು ಬಗೆ ಇದೆ, ಒಮ್ಮೆ ಬಂದವರಿಗೆ ಇನ್ನೊಂದು ಬಗೆಯದ್ದು ಬರಬಹುದು, ಎರಡನೇ ಸಲದ್ದು ಹೆಚ್ಚು ಜೋರು ಇರಬಹುದು. "ನನಗೆ ಒಮ್ಮೆ ಆಗಿದೆ, ಇನ್ನು ಬರುವುದಿಲ್ಲ" ಅನ್ನುವ ಧೈರ್ಯ ಬೇಡ.

ಜ್ವರದವರು ಹಗಲು ಮಲಗುವಾಗಲೂ ಸೊಳ್ಳೆಪರದೆ ಹಾಕಬೇಕು. ಅದು ಅವರಿಗೋಸ್ಕರ ಅಲ್ಲ, ಮನೆಯ ಉಳಿದವರಿಗೋಸ್ಕರ. ಜ್ವರದವರನ್ನು ಕಚ್ಚಿದ ನುಸಿ ಎಂಟು ಹತ್ತು ದಿನ ಕಳೆದ ಮೇಲೆ ಇನ್ನೊಬ್ಬರಿಗೆ ರೋಗ ಕೊಡಲಿಕ್ಕೆ ತಯಾರಾಗ್ತದೆ. ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಮಲಗುವುದು ಹೀಗೆ.

ತೋಟಕ್ಕೆ ಕೆಲಸಕ್ಕೆ ಬರುವವರಿಗೆ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು, ಕೈಕಾಲಿಗೆ ಹಚ್ಚುವ ನುಸಿ ಮುಲಾಮು ನಾವೇ ಕೊಡುವ. ಚಹಾ ತಿಂಡಿ ಕೊಟ್ಟ ಹಾಗೆ ಇದೂ ಒಂದು. ಮುಲಾಮು ಬೇಡ ಅನ್ನುವವರಿಗೆ ತೆಂಗಿನೆಣ್ಣೆಗೆ ಬೇವಿನೆಣ್ಣೆ ಸೇರಿಸಿದ್ದು. ಅದು ಸ್ವಲ್ಪ ಹೊತ್ತಿಗೆ ಮಾತ್ರ, ನಡುವೆ ಪುನಃ ಹಚ್ಚಬೇಕು. ಮದ್ದು ಬಿಡ್ಲಿಕ್ಕೆ ಜನ ಬರುವ ದಿನ ಗೊತ್ತಿರ್ತದಲ್ಲ, ಅದರ ಹಿಂದಿನ ದಿನ ತೋಟಕ್ಕೆ ಒಂದು ಹಾಳೆ ಸುತ್ತು ಹಾಕಿ. ಮರ ಹತ್ತುವವರು ಬರುವ ಮೊದಲು ಬುಡ ಸವರಿ ಕೊಡುವುದು ಹೇಗೆ ನಮ್ಮ ಕೆಲಸವೋ ಹಾಗೆ ಇದು.

ಈ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಶುರು ಮಾಡ್ತೇನೆ. ನಮ್ಮ ಬೈಲಿನ ಉಳಿದ ಹತ್ತು ತೋಟದವರೂ ಅದೇ ಹೊತ್ತಿಗೆ ಅವರವರ ತೋಟಕ್ಕೆ ಇಳಿದರೆ ಒಂಬತ್ತು ಗಂಟೆಯ ಒಳಗೆ ಇಡೀ ಬೈಲು ಮುಗೀತದೆ. ಮಳೆ ಇದ್ದರೆ ಮುಟ್ಟಾಳೆ ಇಟ್ಟುಕೊಳ್ಳಿ. ಹಾಳೆ ತಲೆಯ ಮೇಲೆ ಕವುಚಿ ಇದ್ದರೆ ಎಷ್ಟು ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಅದು ನಮ್ಮ ಅಜ್ಜಂದಿರಿಗೆ ಮೊದಲೇ ಗೊತ್ತಿತ್ತು.